ನಮ್ಮ ನಲ್ಲಿ ಮೇಡಂ

ಹೋದ ಭಾನುವಾರ ಅಡುಗೆಮನೆಯ ನಲ್ಲಿಗೆ ವಾಷರ್ ತರಲು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಡಬ್ಬಿಯ ಮುಚ್ಚಳ ತೆಗೆದರು. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು... ಅಷ್ಟೇ, ನಾನು ಮತ್ತೆ ಎಂಟನೆಯ ಕ್ಲಾಸಿನ ಹುಡುಗಿಯಾಗಿ ಲಕ್ಷ್ಮೀಪುರಂನ ನಮ್ಮ ಹೈಸ್ಕೂಲಿನ ಅಂಗಳದಲ್ಲಿದ್ದೆ. ಎದುರಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ನಿಂತ ನಮ್ಮ ವಿಜ್ಞಾನದ ಮೇಡಂ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮದು ಹೆಣ್ಣುಮಕ್ಕಳ ಸ್ಕೂಲು. ಮಾಳಿಗೆಯ ಮೇಲಿನ ಸಿಮೆಂಟ್ ತೊಟ್ಟಿ ಬೆಳಗಿನ ಜಾವ ತುಂಬುತ್ತಿತ್ತು, ಊಟದ ಬೆಲ್ ಹೊಡೆಯುವ ಹೊತ್ತಿಗೆ ಬರಿದಾಗುತ್ತಿತ್ತು. ಆಮೇಲೆ ಕಕ್ಕಸಿನ ಕಡೆ ಯಾರೂ ಹೋಗುವಂತಿರಲಿಲ್ಲ. ಅದಕ್ಕೆ ನಾವೇ ಒಂದು ಉಪಾಯ ಕಂಡುಕೊಂಡಿದ್ದೆವು. ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲರೂ ಹಾಗೇ ಮಾಡುತ್ತಿದ್ದರು.

ಬಿಸಿಲು ಏರತೊಡಗಿದ್ದ ದಿನಗಳು. ಡ್ರಿಲ್ ಪೀರಿಯಡ್‌ನಲ್ಲಿ ನಾನು ತಲೆ ತಿರುಗಿ ಬಿದ್ದೆ. ಮೇಡಂ ನನ್ನನ್ನು ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿಸಿದರು.

"ತಿಂಡಿ ತಿಂದಿದ್ದೀಯೇನೇ?"

"ತಿಂದಿದ್ದೀನಿ ಮೇಡಂ."

"ನೀರು?"

ನಾನು ಮುಖ ತಿರುಗಿಸಿದೆ. ಕೆದಕಿ ಕೇಳಿದ ಮೇಲೆ ಎಲ್ಲವನ್ನೂ ಹೇಳಿದೆ. ಮೇಡಂ ಒಂದು ಲೋಟ ನೀರು ತಂದು ನನ್ನ ಕೈಗಿಟ್ಟರು. "ಜಲ ಸಂರಕ್ಷಣೆ ಅಂತ ಬೋರ್ಡ್ ಮೇಲೆ ಬರೀತೀನಿ ಕಣೇ ನಾನು. ನನ್ನ ಮಕ್ಕಳು ನೀರು ಕುಡೀತಿಲ್ಲ ಅನ್ನೋದೇ ಗೊತ್ತಿಲ್ಲ ನಂಗೆ," ಎಂದರು, ತಮಗೇ ಹೇಳಿಕೊಂಡಂತೆ.

ಮರುದಿನ ಅವರು ಪಾಠ ಮಾಡಲಿಲ್ಲ. ಸೋರುತ್ತಿದ್ದ ಒಂದು ನಲ್ಲಿಯ ಕೆಳಗೆ ಬಕೆಟ್ ಇಟ್ಟು, ನಮ್ಮನ್ನೆಲ್ಲ ಸುತ್ತ ಕೂರಿಸಿದರು. ಪೀರಿಯಡ್ ಮುಗಿಯುವಷ್ಟರಲ್ಲಿ ಬಕೆಟ್ ಅರ್ಧ ತುಂಬಿತ್ತು. ಅಂಥ ನಲ್ಲಿಗಳು ಸ್ಕೂಲಿನಲ್ಲಿ ಹನ್ನೊಂದಿದ್ದವು. ಅವರು ಯಾರೋ ಪ್ಲಂಬರ್ ಹತ್ತಿರ ಎರಡು ಸಂಜೆ ಕೂತು ಕೆಲಸ ಕಲಿತುಬಂದರು, ಶನಿವಾರ ಸ್ಕೂಲು ಬಿಟ್ಟ ಮೇಲೆ ನಮಗೆ ಕಲಿಸಿದರು. ನಲ್ಲಿಯ ತಲೆ ಬಿಚ್ಚುವುದು, ಸವೆದ ವಾಷರ್ ತೆಗೆಯುವುದು, ಹೊಸದನ್ನು ಕೂರಿಸುವುದು. "ಜೋರು ಬೇಡ ಕಣ್ರೇ, ಬಿಗಿ ಆದ್ರೆ ಸಾಕು," ಎನ್ನುತ್ತಿದ್ದರು. ಬೇರೆ ಸೆಕ್ಷನ್‌ನವರು 'ನಲ್ಲಿ ಮೇಡಂ' ಎಂದು ಹೆಸರಿಟ್ಟರು. ಮೇಡಂಗೆ ಅದರಿಂದ ಬೇಸರವೇನೂ ಆದಂತಿರಲಿಲ್ಲ.

ಬೇಸರವಾದದ್ದು ನಮ್ಮಪ್ಪನಿಗೆ. ಓದು-ಬರಹ ಬಿಟ್ಟು ಬೇರೆ ಕೆಲಸ ಕಂಡ ಮನೆಯಲ್ಲ ನಮ್ಮದು. ನನ್ನ ಲಂಗಕ್ಕೆ ಮೆತ್ತಿದ ತುಕ್ಕಿನ ಕಲೆ ನೋಡಿದವರೇ ಸೋಮವಾರ ನನ್ನ ಜೊತೆ ಸ್ಕೂಲಿಗೆ ಬಂದರು.

"ಪರೀಕ್ಷೆ ಹತ್ತಿರ ಬಂತು ಮೇಡಂ. ನಮ್ಮ ಹುಡುಗೀನ ಓದೋಕ್ಕೆ ಕಳಿಸಿದ್ದೀವಿ, ಸ್ಪ್ಯಾನರ್ ಹಿಡಿಯೋಕ್ಕಲ್ಲ."

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮೇಡಂ ಮಾತ್ರ ದನಿ ಏರಿಸಲಿಲ್ಲ.

"ಆವತ್ತು ಇವಳು ಯಾಕೆ ತಲೆ ತಿರುಗಿ ಬಿದ್ಲು, ಕೇಳಿದ್ರಾ ಸಾರ್? ಮನೆಗೆ ಹೋಗೋವರೆಗೂ ಈ ಮಕ್ಕಳು ಒಂದು ತೊಟ್ಟು ನೀರು ಕುಡಿಯಲ್ಲ. ಬಾತ್‌ರೂಮಿನಲ್ಲಿ ನೀರಿರಲ್ಲ, ಅದಕ್ಕೆ."

ಅಪ್ಪ ನನ್ನ ಕಡೆ ತಿರುಗಿದರು. "ಹೌದೇನಮ್ಮ?"

ತಲೆಯಾಡಿಸಿದೆ. ಅಪ್ಪ ಮೇಡಂಗೆ ಕೈಮುಗಿದರು. ಹಾಗೇ ಹೊರಟುಹೋದರು. ಮನೆಯಲ್ಲೂ ಆ ಮಾತು ಎತ್ತಲಿಲ್ಲ. ಮುಂದಿನ ಶನಿವಾರ ಹೋಗಬೇಡವೆಂದೂ ಅನ್ನಲಿಲ್ಲ.

ಹನ್ನೊಂದು ನಲ್ಲಿಯೂ ರಿಪೇರಿಯಾದವು. ಹೆಮ್ಮೆಯಿಂದ ಸೋಮವಾರದ ಊಟದ ಬೆಲ್‌ಗೆ ಕಾದೆವು. ನಲ್ಲಿ ತಿರುಗಿಸಿದರೆ ಬರೀ ಗಾಳಿ! ಹತ್ತನೆಯ ಕ್ಲಾಸಿನವರು ಬಿದ್ದು ಬಿದ್ದು ನಕ್ಕರು. ಮೇಡಂ ಮುಖ ಸಣ್ಣದಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ...

ಆದರೆ ಅವರು ಬಿಡುವವರಲ್ಲ. ಆ ಶನಿವಾರ ಬೆಳಿಗ್ಗೆ, ತೊಟ್ಟಿಯಲ್ಲಿ ನೀರಿರುವಾಗಲೇ, ಎಲ್ಲ ನಲ್ಲಿ ಮುಚ್ಚಿಸಿದರು. ಆದರೂ ತೊಟ್ಟಿಯ ನೀರು ಇಳಿಯುತ್ತಲೇ ಇದ್ದದ್ದನ್ನು ಕಂಡು, ಅಲ್ಲಿಂದ ಇಳಿದ ಪೈಪಿನ ಜಾಡು ಹಿಡಿದು ನಡೆದರು. ನಾವು ಹಿಂದೆ. ಪೈಪು ನೆಲದೊಳಗೆ ಹೋಗಿ ಹಿತ್ತಿಲಿನ ಹೊಂಗೆಮರದ ಪಕ್ಕ ಹಾದಿತ್ತು. ಆ ಮರದ ಬುಡ ಸದಾ ತಂಪು. ಊಟಕ್ಕೆ ಅಲ್ಲಿ ಜಾಗ ಹಿಡಿಯಲು ದಿನವೂ ಜಗಳವಾಡುತ್ತಿದ್ದೆವು. ಮೇಡಂ ಅಲ್ಲಿಯ ಹುಲ್ಲನ್ನೇ ನೋಡುತ್ತ ನಿಂತರು.

"ಇಲ್ಲಿಗೆ ನೀರು ಹಾಕೋರು ಯಾರ್ರೇ?"

"ಯಾರೂ ಇಲ್ಲ ಮೇಡಂ."

"ಮತ್ತೆ ಈ ಬಿಸಿಲಲ್ಲಿ ಇಷ್ಟು ಹಸಿರು ಹೆಂಗ್ರೇ?"

ಗುದ್ದಲಿ ತಂದು ಅವರೇ ಅಗೆದರು. ಒಂದು ಗೇಣು ಹೋಗುವಷ್ಟರಲ್ಲಿ ಕೆಸರು. ಇನ್ನೊಂದು ಗೇಣಿಗೆ ತುಕ್ಕು ತಿಂದ ಪೈಪು, ಅದರ ತೂತಿನಿಂದ ಬುಳಬುಳ ಉಕ್ಕುವ ನೀರು. ನಾವು ಕಿರುಚಿ ಕುಣಿದೆವು. ಪೈಪು ಬದಲಿಸುವುದು ನಮ್ಮ ಕೈಲಾಗುವ ಕೆಲಸವಲ್ಲವೆಂದು ಮೇಡಂ ಪ್ಲಂಬರನ್ನು ಕರೆಸಿದರು.

ರಿಪೇರಿಯಾದ ಮರುದಿನ ಊಟದ ಬೆಲ್ ಹೊಡೆದಾಗ ಯಾರೂ ಡಬ್ಬಿ ಬಿಚ್ಚಲಿಲ್ಲ. ಎಲ್ಲರೂ ನಲ್ಲಿಯ ಮುಂದೆ. ಮೇಡಂ ತಿರುಗಿಸಿದರು. ನೀರು ಬಂತು. ಸಂಜೆಯ ಬೆಲ್‌ವರೆಗೂ ಬಂತು. ನಾನು ಲೋಟದ ತುಂಬ ಎರಡು ಸಲ ಹಿಡಿದು ಕುಡಿದೆ, ಲಂಗವೆಲ್ಲ ಒದ್ದೆ ಮಾಡಿಕೊಂಡು. ಅಷ್ಟು ರುಚಿಯ ನೀರು ಆಮೇಲೆ ಕುಡಿದ ನೆನಪಿಲ್ಲ.

ಅದಾಗಿ ಒಂದು ವಾರಕ್ಕೆ ಅಪ್ಪ ಪೇಪರಿನಿಂದ ತಲೆ ಎತ್ತದೆಯೇ ಹೇಳಿದರು: "ಬಚ್ಚಲ ನಲ್ಲಿ ಸೋರ್ತಿದೆ ಕಣಮ್ಮ. ಸ್ವಲ್ಪ ನೋಡ್ಬುಡು."

ಮೇಡಂಗೆ ಅದನ್ನು ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರು ರಿಟೈರಾಗಿ ವಿದ್ಯಾರಣ್ಯಪುರಂನಲ್ಲಿದ್ದಾರೆಂದು ಕೇಳಿದ್ದೆ. ಈ ವಾರ ಒಂದು ಸಂಜೆ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದವರು ಅವರ ತಂಗಿ.

"ಅಕ್ಕ ಹೋಗಿ ಎರಡು ವರ್ಷ ಆಯ್ತಲ್ಲಮ್ಮ..."

ಒಳಗೆ ಕರೆದು ಕಾಫಿ ಕೊಟ್ಟರು. ಕೊನೆಕೊನೆಗೆ ಮೇಡಂಗೆ ಬೆರಳು ಮಡಚಲು ಆಗುತ್ತಿರಲಿಲ್ಲವಂತೆ. "ಆದ್ರೂ ಸುಮ್ನಿರ್ತಿದ್ಳಾ? ಪಕ್ಕದ ಮನೆ ಟ್ಯಾಂಕ್ ತುಂಬಿ ಸುರಿದ್ರೆ ಇಲ್ಲಿಂದ್ಲೇ ಕೂಗೋಳು ಕಣ್ರೀ!" ಇಬ್ಬರೂ ನಕ್ಕೆವು.

ನಮ್ಮ ಮನೆಯಿಂದ ಅಲ್ಲಿಗೆ ನಡೆದರೆ ಅರ್ಧ ಗಂಟೆ. ನಾಳೆ ಹೋದರಾಯಿತು ಎಂದುಕೊಂಡೇ ವರ್ಷಗಳು ಕಳೆದಿದ್ದವು... ಹೊರಡುವಾಗ ಅವರ ತಂಗಿ ಗೇಟಿನವರೆಗೆ ಬಂದು, "ಇನ್ನೊಂದ್ಸಲ ಬನ್ನಿ," ಎಂದರು. ಯಾವಾಗಲಾದರೂ ಬರುತ್ತೇನೆ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ. ಬರುವ ಗುರುವಾರ, ಸಂಜೆ ಐದಕ್ಕೆ ಎಂದು ಹೇಳಿ ಬಂದಿದ್ದೇನೆ.