ಅಜ್ಜಿ ಕೊಟ್ಟ ಬಾಡಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟಿದ ಮನೆಯನ್ನು ಕೊಳ್ಳುವವರ ಬಗ್ಗೆ ಏನೂ ಹೇಳಿ ಹೋಗಲಿಲ್ಲ. ಹಾಗಾಗಿ ಅದರಲ್ಲಿ ಕಷ್ಟವೇ ಇರಲಾರದು ಎಂದು ನಮ್ಮಪ್ಪ ನಂಬಿದ್ದರು. ಸ್ವಂತ ಮನೆಯಾದರೆ ಯಾವಾಗ ಬೇಕಾದರೂ ಒಳಗೆ ಹೋಗಬಹುದು, ಯಾರೂ ಎಬ್ಬಿಸುವಂತಿಲ್ಲ ಎಂಬುದು ಅವರ ಇನ್ನೊಂದು ನಂಬಿಕೆ.

ಆಗ ನಾವು ಬಸವನಗುಡಿಯ ವಠಾರವೊಂದರಲ್ಲಿದ್ದೆವು. ಅಪ್ಪನ ತಾಯಿ, ನನ್ನಜ್ಜಿ, ಆ ಬೇಸಿಗೆಯಲ್ಲಿ ಹಾಸಿಗೆ ಹಿಡಿದರು. ಒಂದು ಸಂಜೆ ವಠಾರದ ಮಾಲೀಕರು ಅಪ್ಪನನ್ನು ಬಾಗಿಲ ಹೊರಗೆ ಕರೆದರು. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಖಾಲಿ ಬಿಡಬೇಕೆಂಬ ನಂಬಿಕೆ ಅವರಿಗೂ ಇತ್ತು, ನಮಗೂ ಇತ್ತು.

"ತಪ್ಪು ತಿಳ್ಕೋಬೇಡಿ ಸ್ವಾಮಿ. ಒಂದೇ ಸೂರಿನ ಕೆಳಗೆ ಇಷ್ಟೊಂದು ಸಂಸಾರ ಇದೆ. ಅಮ್ಮನೋರನ್ನ ಬೇರೆ ಎಲ್ಲಾದ್ರೂ ಇಟ್ಕೊಂಡ್ರೆ ಎಲ್ರಿಗೂ ಒಳ್ಳೇದು" ಎಂದರು.

ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಸಾಯುವುದಕ್ಕೂ ಮನೆ ಮಾಲೀಕನ ಅಪ್ಪಣೆ ಬೇಕೆ? ಅಪ್ಪ ಮಾತ್ರ ಒಳಗೆ ಬಂದರು, ಆ ರಾತ್ರಿ ಊಟ ಮಾಡಲಿಲ್ಲ. ಹೆತ್ತ ತಾಯಿ ಸ್ವಂತ ಸೂರಿನ ಕೆಳಗೇ ಕಣ್ಣು ಮುಚ್ಚಬೇಕು ಎಂಬ ಹಟ ಅಂದು ಹುಟ್ಟಿತು.

ಜಯನಗರದಲ್ಲಿ ಒಂದು ಮನೆ ಸಿಕ್ಕಿತು. ಸುತ್ತ ಖಾಲಿ ಸೈಟುಗಳು, ಕಲ್ಲು ಚಪ್ಪಡಿಯ ಬೇಲಿ, ಮುಂದೆ ಒಂದು ಜಗಲಿ. ಅಪ್ಪ ಬಾಗಿಲು ಪೂರ್ವಕ್ಕಿದೆಯೇ, ಬಾವಿ ಈಶಾನ್ಯದಲ್ಲಿದೆಯೇ ಎಂದೆಲ್ಲ ನೋಡಿದರು. ರಿಜಿಸ್ಟರಿಗೂ ಪಂಚಾಂಗ ತೆಗೆಸಿ ಜ್ಯೇಷ್ಠದ ಕೊನೆಯ ಒಳ್ಳೆಯ ದಿನ ಹಿಡಿದರು. ಮಾರಿದವರು ಸಾಮಾನು ಸಾಗಿಸಿ ಬೀಗದ ಕೈ ಕೊಡುವ ಹೊತ್ತಿಗೆ ಆಷಾಢ ಕಾಲಿಟ್ಟಿತ್ತು. ಇಷ್ಟೆಲ್ಲ ಲೆಕ್ಕ ಹಾಕಿದವರಿಗೆ ಅದೊಂದು ಹೊಳೆಯಲೇ ಇಲ್ಲ. ಆಷಾಢದಲ್ಲಿ ಗೃಹಪ್ರವೇಶವಿಲ್ಲ. ಶ್ರಾವಣದವರೆಗೆ ಅಜ್ಜಿ ಉಳಿಯುವರೆಂದು ಯಾರಿಗೂ ಧೈರ್ಯವಿರಲಿಲ್ಲ. ಬೀಗದ ಕೈ ಜೇಬಿನಲ್ಲಿದ್ದರೂ ಅಪ್ಪ ಬಾಗಿಲು ತೆರೆಯಲಿಲ್ಲ. ಶಾಸ್ತ್ರ ಮೀರುವ ಜಾಯಮಾನ ಅವರದಲ್ಲ.

ದಾರಿ ತೋರಿಸಿದ್ದು ಅಜ್ಜಿಯೇ. ವಠಾರದ ಗೋಡೆಗಳಿಗೆ ಗುಟ್ಟು ಕಾಯಲು ಗೊತ್ತಿಲ್ಲ. ಮಾಲೀಕರ ಮಾತು ಅಜ್ಜಿಯ ಕಿವಿಗೆ ಅಂದೇ ಬಿದ್ದಿತ್ತು.

"ಗೃಹಪ್ರವೇಶ ಇರೋದು ಮನೆ ಯಜಮಾನನಿಗೆ ಕಣೋ. ಬಾಡಿಗೆ ಮನೆಗೆ ಹಾಲು ಉಕ್ಕಿಸಿದ್ರೆ ಆಯ್ತು, ಇಷ್ಟು ವರ್ಷ ನಾವು ಮಾಡಿದ್ದೂ ಅದನ್ನೇ. ಆ ಮನೇನ ನಂಗೆ ಬಾಡಿಗೆಗೆ ಕೊಡು" ಎಂದರು.

ಅಪ್ಪ ನಗಬೇಕೋ ಅಳಬೇಕೋ ತಿಳಿಯದೆ ಬಾಡಿಗೆ ಏನು ಕೊಡ್ತೀಯಮ್ಮ ಎಂದು ಕೇಳಿದರು. ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆದು ಕೊಡುತ್ತೇನೆ, ಕೈ ಇನ್ನೂ ಆಡುತ್ತಿದೆ ಎಂದರು ಅಜ್ಜಿ. ಮನೆಗೆ ಬರುತ್ತಿದ್ದ ಶಾಸ್ತ್ರಿಗಳನ್ನು ಕೇಳಿದರೆ, ಬಾಡಿಗೆಯವರ ವಿಷಯ ತಮ್ಮ ಪುಸ್ತಕದಲ್ಲಿಲ್ಲ ಎಂದು ಜಾರಿಕೊಂಡರು.

ಮರುದಿನವೇ ಜಟಕಾದಲ್ಲಿ ಹಾಸಿಗೆ ಹಾಸಿ ಅಜ್ಜಿಯನ್ನು ಕರೆದೊಯ್ದೆವು. ನೋಡಿಕೊಳ್ಳಲು ಅಮ್ಮ, ಜೊತೆಗೆ ನಾನು. ಅಮ್ಮ ಒಲೆ ಹೂಡಿ ಹಾಲು ಉಕ್ಕಿಸಿದರು. ಅಪ್ಪ ಹೊಸ್ತಿಲು ದಾಟಲಿಲ್ಲ. ಯಜಮಾನ ಅಲ್ಲವೆ! ಆಷಾಢವಿಡೀ ಕಚೇರಿ ಮುಗಿಸಿ ಬಂದು ಜಗಲಿಯ ಮೇಲೆ ಕುಳಿತು, ಆಷಾಢದ ಗಾಳಿಗೆ ಮಫ್ಲರ್ ಸುತ್ತಿಕೊಂಡು, ಕಿಟಕಿಯೊಳಗೆ ಮಲಗಿದ್ದ ತಾಯಿಯೊಡನೆ ಮಾತಾಡಿ ವಠಾರಕ್ಕೆ ಹಿಂದಿರುಗುತ್ತಿದ್ದರು. ಹೊರಡುವಾಗ ಅಜ್ಜಿ ಬತ್ತಿಯ ಕಟ್ಟನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಡುತ್ತಿದ್ದರು.

ಅಜ್ಜಿ ಸಾಯಲಿಲ್ಲ. ಬಯಲಿನ ಗಾಳಿಗೋ, ಯಾರಿಗೂ ಹೊರೆಯಲ್ಲ ಎಂಬ ನೆಮ್ಮದಿಗೋ, ಶ್ರಾವಣದ ಗೃಹಪ್ರವೇಶಕ್ಕೆ ಎದ್ದು ಕುಳಿತು ಹೋಳಿಗೆಯಲ್ಲಿ ಹೂರಣ ಕಡಿಮೆಯಾಯಿತೆಂದು ಅಮ್ಮನನ್ನು ಆಕ್ಷೇಪಿಸಿದರು. ಆಮೇಲೂ ಹಲವು ವರ್ಷ ಬದುಕಿದರು. ಬಾಡಿಗೆಯನ್ನು ಮಾತ್ರ ಬಿಡಲಿಲ್ಲ. ಕರಾರು ಮುಗಿಯಿತಲ್ಲ ಎಂದು ಯಾರಾದರೂ ರೇಗಿಸಿದರೆ, ಮುಗಿದಿದೆ ಅಂತ ಯಜಮಾನ ಹೇಳಲಿ ಎನ್ನುತ್ತಿದ್ದರು.

ಕೊನೆಗೆ ಅವರು ಹೋದದ್ದು ಆ ಕಿಟಕಿಯ ಪಕ್ಕದಲ್ಲೇ, ನಿದ್ದೆಯಲ್ಲಿ. ಶಾಸ್ತ್ರಿಗಳು ಪಂಚಾಂಗ ತೆರೆದವರು ಮುಖ ಸಣ್ಣದು ಮಾಡಿಕೊಂಡರು. ನಕ್ಷತ್ರ ಒಳ್ಳೆಯದಲ್ಲ. ಕರ್ಮಗಳು ಮುಗಿದ ದಿನ ನೆಂಟರೆಲ್ಲ ಸೇರಿ, ಕೆಲವು ತಿಂಗಳು ಮನೆಗೆ ಬೀಗ ಹಾಕಿ ಬಾಡಿಗೆ ಮನೆ ಹಿಡಿಯುವುದೇ ಕ್ಷೇಮ ಎಂದರು. ನಮ್ಮನ್ನು ಯಾರೂ ಎಬ್ಬಿಸಲಾರರು ಎಂದು ನಂಬಿ ಕೊಂಡ ಮನೆಯಿಂದ ನಾವೇ ಏಳಬೇಕಾಗಿತ್ತು. ಆಷಾಢಕ್ಕೆ ಹೆದರಿ ಜಗಲಿಯಲ್ಲಿ ಕುಳಿತ ಅಪ್ಪ ಒಪ್ಪಿಯೇ ಒಪ್ಪುತ್ತಾರೆ ಎಂದುಕೊಂಡು ನಾನು ಪುಸ್ತಕಗಳನ್ನು ಕಟ್ಟತೊಡಗಿದ್ದೆ.

ಅಪ್ಪ ಎದ್ದು ಹೋಗಿ ಅಜ್ಜಿಯ ತಲೆದೆಸೆಯಲ್ಲಿದ್ದ ಬಿಸ್ಕತ್ತಿನ ಡಬ್ಬಿ ತಂದರು. ಮುಚ್ಚಳ ತೆಗೆದರೆ ಕಂಠಮಟ್ಟ ಬತ್ತಿಗಳು.

"ಅಮ್ಮ ಮುಂಗಡ ಬಾಡಿಗೆ ಕೊಟ್ಟಿದಾರೆ. ಈಗ ಖಾಲಿ ಮಾಡ್ಸೋದು ನ್ಯಾಯ ಅಲ್ಲ ಶಾಸ್ತ್ರಿಗಳೇ" ಎಂದರು.

ಶಾಸ್ತ್ರಿಗಳು ಪಂಚಾಂಗ ಮಡಿಸಿಟ್ಟರು. ಅಪ್ಪ ಎರಡು ಬತ್ತಿ ತೆಗೆದು ಅಮ್ಮನ ಕೈಗಿತ್ತು ದೀಪ ಹಚ್ಚಲು ಹೇಳಿದರು. ಆ ಡಬ್ಬಿ ಬರಿದಾಗುವ ಹೊತ್ತಿಗೆ ಮತ್ತೊಂದು ಆಷಾಢ ಬಂದು ಹೋಗಿತ್ತು.