ಮಾರ್ಚ್ ಮೂವತ್ತೊಂದು ಇಲ್ಲದ ವರದಿ

ತ್ಯಾಗರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ ಮಧುಮತಿ ಹನ್ನೊಂದು ವರ್ಷ ಲೆಕ್ಕ ಬರೆದಳು. ಗದಗಿನ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ಮನೆ. ಬೆಂಗಳೂರಿನ ಮಾತು ನಾಲಿಗೆಗೆ ಒಗ್ಗಿಹೋಗಿತ್ತು. ಸಿಟ್ಟು ನೆತ್ತಿಗೇರಿದರೆ ಮಾತ್ರ ಊರಿನ ಮಾತು ಹೊರಗೆ ಬರುತ್ತಿತ್ತು.

ಎರಡು ವರ್ಷದ ಹಿಂದೆ ಸೋಮನಾಥ್ ಮಂಟಪದ ಕಾರ್ಯದರ್ಶಿಯಾದರು. ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಬಂದ ವಾರವೇ ಹಳೆಯ ಸಾಫ್ಟ್‌ವೇರ್ ಕಿತ್ತುಹಾಕಿ, ಪುಕ್ಕಟೆ ಸಿಗುವ ಇನ್ನೊಂದನ್ನು ಹಾಕಿಸಿದರು. ಅದರಲ್ಲಿ ಒತ್ತಲು ಬಟನ್ನಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಕೊಟ್ಟರೆ ವರದಿ ಬರುತ್ತದೆ. ದಿನದ ಜಮಾ ಖರ್ಚನ್ನು ಫೈಲಿಗೆ ಬರೆಯುವುದು ಮಧುಮತಿಯ ಕೆಲಸ, ವರದಿ ತೆಗೆಯುವುದು ಅವರೊಬ್ಬರದೇ. ಕಲಿಸಿಕೊಡಿ ಸಾರ್ ಎಂದು ಅವಳು ಕೇಳಿದ್ದಕ್ಕೆ, "ನಿಮ್ಮ ತಲೆಗೆ ಹತ್ತಲ್ಲ ಬಿಡಿ," ಎಂದಿದ್ದರು.

ಈ ಏಪ್ರಿಲ್ ಎರಡನೇ ವಾರ ಸೋಮನಾಥ್ ಮಾರ್ಚ್ ಮೂವತ್ತೊಂದರವರೆಗೆ ಎಂದು ಕೊಟ್ಟು ವರ್ಷದ ವರದಿ ತೆಗೆದು, ಮೊದಲ ಸಲ ರಸೀದಿ ಪುಸ್ತಕದ ಜೊತೆ ತಾಳೆ ನೋಡಿದರು. ಎರಡು ಲಕ್ಷ ಎಪ್ಪತ್ತೈದು ಸಾವಿರ ಕಡಿಮೆ ಬಂತು. ಅವಳನ್ನು ಒಂದು ಮಾತೂ ಕೇಳದೆ ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು: "ರಸೀದಿ ಹರಿದಿದ್ದಾರೆ, ಲೆಕ್ಕಕ್ಕೆ ಬರೆದಿಲ್ಲ. ದುಡ್ಡು ಎಲ್ಲಿ?"

ಅದು ಮಾರ್ಚ್ ಮೂವತ್ತೊಂದರ ದುಡ್ಡು. ಮಾರನೆಯ ದಿನದಿಂದ ಬಾಡಿಗೆ ಏರುತ್ತದೆಂದು ತಿಳಿದು ಹನ್ನೊಂದು ಮನೆಯವರು ಅವತ್ತೇ ಬಂದು ತಲಾ ಇಪ್ಪತ್ತೈದು ಸಾವಿರ ಮುಂಗಡ ಕಟ್ಟಿದ್ದರು.

"ಫೈಲಲ್ಲಿ ಬರ್ದಿದೀನಿ ಸಾರ್, ತೆಗ್ದು ನೋಡಿ," ಎಂದಳು ಮಧುಮತಿ.

"ಇವತ್ತು ಬೆಳಗ್ಗೆ ಸೇರ್ಸಿರ್ತೀರಿ."

"ಏಪ್ರಿಲ್ ಎರಡಕ್ಕೆ ಬ್ಯಾಂಕಿಗೂ ಕಟ್ಟಿದೀನಲ್ಲ."

"ಅದು ಏಪ್ರಿಲ್ ಬುಕಿಂಗ್ ದುಡ್ಡು ಅಲ್ಲ ಅಂತ ಏನ್ ಗ್ಯಾರಂಟಿ? ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ, ಮನುಷ್ಯರು ಹೇಳ್ತಾರೆ."

ಬೀರುವಿನ ಕೀಲಿಕೈ ಕಸಿದುಕೊಂಡರು. ಕಾವಲುಗಾರ ಮುನಿಯಣ್ಣನಿಗೆ, ಸಂಜೆ ಅವಳು ಹೊರಡುವಾಗ ಬ್ಯಾಗ್ ತೆಗೆಸಿ ನೋಡು ಎಂದರು. ಅವನು ಮುಖ ಆಚೆ ತಿರುಗಿಸಿಕೊಂಡು ಜಿಪ್ ಎಳೆದ. ಅಧ್ಯಕ್ಷೆ ಸರ್ವಮಂಗಳಾ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮಧುಮತಿಯನ್ನು ಮನೆಗೆ ಕರೆದು ಕುಂಕುಮ ಕೊಡುತ್ತಿದ್ದವರು. ಅವರಾದರೂ ಗುಂಪಿನಲ್ಲಿ ಒಂದು ಸಾಲು ಬರೆದಾರು ಎಂದು ಅವಳು ಕಾದಳು. ದುಡ್ಡು ಬ್ಯಾಂಕಿಗೆ ಕಟ್ಟಿದ್ದೇನೆ ಎಂದು ತಾನೇ ಅವರಿಗೆ ಮೆಸೇಜ್ ಹಾಕಿದಳು. ಅವರು ಓದಿದ್ದಾರೆಂಬ ಗುರುತು ಬಿತ್ತು, ಉತ್ತರ ಬರಲಿಲ್ಲ.

ಇಷ್ಟಾದರೂ ಮಧುಮತಿ ರಜೆ ಹಾಕಲಿಲ್ಲ. ಮಧ್ಯಾಹ್ನ ಸೋಮನಾಥ್ ಊಟಕ್ಕೆ ಹೋದಾಗಲೆಲ್ಲ ಅದೇ ಕಪ್ಪು ಪರದೆಯ ಮುಂದೆ ಕುಳಿತು, ಅದರ ಕೈಪಿಡಿಯನ್ನು ಫೋನಿನಲ್ಲಿ ತೆರೆದುಕೊಂಡು, ಒಂದೊಂದೇ ಕಮಾಂಡ್ ಟೈಪ್ ಮಾಡಿದಳು. ತಾರೀಖು ಕೊಡದೆ ತೆಗೆದರೆ ದುಡ್ಡು ಪೂರ್ತಿ ಬರುತ್ತದೆ. ಮಾರ್ಚ್ ಮೂವತ್ತೊಂದರವರೆಗೆ ಎಂದರೆ ಹನ್ನೊಂದೂ ಮುಂಗಡ ಮಾಯ. ನಾಲ್ಕನೆಯ ದಿನ ಕೈಪಿಡಿಯ ಒಂದು ಸಾಲು ಕಣ್ಣಿಗೆ ಬಿತ್ತು. ಶುರುವಿನ ತಾರೀಖು ವರದಿಗೆ ಸೇರುತ್ತದೆ, ಕೊನೆಯ ತಾರೀಖು ಸೇರುವುದಿಲ್ಲ. ಮಾರ್ಚ್ ಪೂರ್ತಿ ಬೇಕಾದರೆ ಏಪ್ರಿಲ್ ಒಂದು ಎಂದು ಕೊಡಬೇಕು.

ಅವಳು ಯಾರಿಗೂ ಹೇಳಲಿಲ್ಲ. ಭಾನುವಾರದ ಸಮಿತಿ ಸಭೆಯವರೆಗೆ ಹಲ್ಲು ಕಚ್ಚಿಕೊಂಡಿದ್ದಳು.

ಸಭೆಯಲ್ಲಿ ಏಳು ಜನ. ಸೋಮನಾಥ್ ಕಂಪ್ಯೂಟರನ್ನು ದೊಡ್ಡ ಟಿವಿಗೆ ಜೋಡಿಸಿ, ಪೊಲೀಸರಿಗೆ ದೂರು ಕೊಡುವ ಮಾತು ತೆಗೆದರು. ಮಧುಮತಿ ಎದ್ದು ನಿಂತಳು.

"ಸಾರ್, ನಿಮ್ಮ ಮಗಳ ಎಂಗೇಜ್‌ಮೆಂಟಿಗೆ ನೀವು ಮುಂಗಡ ಕಟ್ಟಿದ್ದು ಯಾವತ್ತು?"

"ಡಿಸೆಂಬರ್ ಹದಿನಾಲ್ಕು. ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಡಿಸೆಂಬರ್ ಹದಿನಾಲ್ಕರವರೆಗೆ ಅಂತ ಕೊಟ್ಟು ವರದಿ ತೆಗೀರಿ. ನೀವೇ ಟೈಪ್ ಮಾಡಿ, ನಾನು ಮುಟ್ಟಲ್ಲ."

ಸೋಮನಾಥ್ ಗೊಣಗುತ್ತ ಟೈಪ್ ಮಾಡಿದರು. ಪಟ್ಟಿ ಹದಿಮೂರಕ್ಕೇ ನಿಂತಿತು. ಅವರ ಹೆಸರಿರಲಿಲ್ಲ. ಮೇಲೆ ಕೆಳಗೆ ಸರಿಸಿ ಇನ್ನೊಮ್ಮೆ ಹುಡುಕಿದರು.

ಆಗ ಮಧುಮತಿಯ ಬಾಯಲ್ಲಿ ಗದಗು ಬಂತು. "ನಿಮ್ಮ ರೊಕ್ಕಾನೂ ನಾನ ತಿಂದೇನೇನ್ರಿ? ಈಗ ಹದಿನೈದು ಅಂತ ಹಾಕ್ರಿ. ಹಾಕ್ರಿ, ಎಲ್ಲಾರೂ ನೋಡಲಿ!"

ಹದಿನೈದು ಹಾಕಿದರು. ಅವರ ಹೆಸರು, ಇಪ್ಪತ್ತೈದು ಸಾವಿರ, ಎಲ್ಲ ಬಂತು. ಏಪ್ರಿಲ್ ಒಂದು ಎಂದು ಹಾಕಿದಾಗ ವರ್ಷದ ಲೆಕ್ಕವೂ ರಸೀದಿಗೆ ಪೈಸೆ ಬಿಡದೆ ಹೊಂದಿತು.

ಸೋಮನಾಥ್ ಕನ್ನಡಕ ತೆಗೆದು ಒರೆಸಿಕೊಂಡರು. "ಸಣ್ಣ ಟೆಕ್ನಿಕಲ್ ಪ್ರಾಬ್ಲಮ್ ಅಷ್ಟೇ. ಮುಂದಿನ ವಿಷಯಕ್ಕೆ ಹೋಗೋಣ."

"ಕಳ್ಳಿ ಅಂದೋರು ಯಾರು, ಅದು ಸುಳ್ಳು ಅಂತ ಗೊತ್ತಾಗಿದ್ದು ಹೆಂಗ, ಎಲ್ಲಾ ನಡಾವಳಿ ಪುಸ್ತಕದಾಗ ಬರೀರಿ. ಅಲ್ಲೀತನಕ ಇಲ್ಲಿಂದ ಏಳಂಗಿಲ್ಲ ನಾನು."

ಮುಕ್ಕಾಲು ಗಂಟೆ ಕೂಗಾಟವಾಯಿತು. ಕೊನೆಗೆ ಬರೆದರು, ಸೋಮನಾಥ್ ಸಹಿಯನ್ನೂ ಹಾಕಿದರು. ಕ್ಷಮಿಸಿ ಎನ್ನಲಿಲ್ಲ. ವಾಟ್ಸಾಪಿನ ಆ ಸಾಲನ್ನೂ ಅಳಿಸಲಿಲ್ಲ. ಮಧುಮತಿ ಆ ಪುಟದ ಫೋಟೊ ತೆಗೆದುಕೊಂಡು, ರಾಜೀನಾಮೆಯನ್ನು ಅವರ ಎದುರೇ ಮೇಜಿನ ಮೇಲಿಟ್ಟು ಹೊರಬಂದಳು.

ಈಗ ಅವಳು ತಿಲಕ್ ನಗರದ ಒಂದು ಪೇಂಟ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಸಂಬಳ ಎರಡು ಸಾವಿರ ಕಡಿಮೆ. ಹೋದ ತಿಂಗಳು ಜಯನಗರದ ಬಸ್ ಸ್ಟಾಪಿನಲ್ಲಿ ಸರ್ವಮಂಗಳಾ ಎದುರಾದರು.

"ಏನ್ ಮಧು, ನೋಡಿಯೂ ಮಾತಾಡಲ್ವಾ?"

"ಅವತ್ತು ನೀವು ಮಾತಾಡಿದ್ರಾ ಮೇಡಂ?"

ಬಂದ ಬಸ್ಸು ತನ್ನದು ಹೌದೋ ಅಲ್ಲವೋ ಎಂದೂ ನೋಡದೆ ಮಧುಮತಿ ಹತ್ತಿದಳು. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದಳು.