ಹಸಿರು ಸೀರೆಯ ಒಂಬತ್ತು ಗಿಳಿಗಳು

ನನಗೆ ತಾಳ್ಮೆ ಅನ್ನುವುದು ಹುಟ್ಟಿನಿಂದಲೇ ಇಲ್ಲ. ತಲೆಗೆ ಏನಾದರೂ ಹೊಳೆದರೆ ಆಗಲೇ ಕೈಗೆ ಕತ್ತರಿ ಬಂದಿರಬೇಕು. ತೊಂಬತ್ತರ ದಶಕದ ಕೊನೆಯಲ್ಲಿ, ಬೇಲೂರಿನಲ್ಲಿದ್ದ ನಾದಿನಿಗೆ ಎರಡನೆಯ ಹೆರಿಗೆಯಾದಾಗ ಅತ್ತೆ ಬಾಣಂತನಕ್ಕೆಂದು ಅಲ್ಲಿಗೆ ಹೋದರು. ಎಳೆಮಗುವನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದು ನಮ್ಮಲ್ಲಿ ಇಲ್ಲ. ಹಿರಿಯರು ಉಟ್ಟು ಮೆತ್ತಗಾದ ಸೀರೆಯೇ ಆಗಬೇಕು. ಅರಸೀಕೆರೆಯ ಮನೆಯಲ್ಲಿ ಉಳಿದ ನಾನು, ನಾಮಕರಣಕ್ಕೆ ಹೊಲಿಗೆ ಮಷೀನಿನಲ್ಲೇ ಹಕ್ಕಿಗಳ ಚಿತ್ರದ ಕೌದಿ ಹೊಲಿಯುತ್ತೇನೆಂದು ಹೊರಟೆ.

ಸ್ಟೀಲ್ ಪಾತ್ರೆ ಮಾರುವವಳಿಗೆ ಬದಲಿಗೆ ಕೊಡಲೆಂದು ಅಟ್ಟದ ಮೇಲೆ ಹಳೆ ಬಟ್ಟೆಯ ಗಂಟುಗಳಿರುತ್ತಿದ್ದವು. ಒಂದನ್ನು ಇಳಿಸಿ ಬಿಚ್ಚಿದೆ. ಹಳೆ ಪಂಚೆಯೊಳಗೆ ಗಿಳಿಹಸಿರಿನ, ಕೆಂಪಂಚಿನ ನೂಲಿನ ಸೀರೆ! ಮಡಿಕೆಗಳ ನಡುವೆ ಒಣಗಿದ ಬೇವಿನೆಲೆಗಳಿದ್ದವು. ಪಾತ್ರೆಯವಳಿಗೆ ಕೊಡುವ ಸೀರೆಗೆ ಯಾರಾದರೂ ಬೇವಿನೆಲೆ ಇಡುತ್ತಾರೆಯೇ? ನನ್ನ ಮಂಕು ಬುದ್ಧಿಗೆ ಅದು ಹೊಳೆಯಲೇ ಇಲ್ಲ. ಹಸಿರಿನಲ್ಲಿ ಗಿಳಿ, ಅಂಚಿನಲ್ಲಿ ಕೊಕ್ಕು ಎಂದು ಕುಣಿದುಬಿಟ್ಟೆ.

ಗಿಳಿಗಳನ್ನು ಕತ್ತರಿಸಿ, ಮೈದಾ ಅಂಟು ಸವರಿ, ಇನ್ನೊಂದು ಗಂಟಿನ ಹಳೆ ಬಿಳಿ ಸೀರೆಯ ಪದರಗಳ ಮೇಲೆ ಕೂರಿಸಿದೆ. ಬಟ್ಟೆ ಒತ್ತಿಹಿಡಿಯುವ ಮಷೀನಿನ ಪಾದ ಬಿಚ್ಚಿಟ್ಟು, ಬಟ್ಟೆಯನ್ನು ಕಸೂತಿಯ ರಿಂಗಿಗೆ ಬಿಗಿದು, ಸೂಜಿಯ ಕೆಳಗೆ ಕೈಯಿಂದಲೇ ಆಡಿಸುತ್ತಾ ರೆಕ್ಕೆಯ ಗೆರೆಗಳನ್ನು ಹೊಲಿದೆ. ಮೊದಲನೆಯದು ಕಾಗೆಯ ಹಾಗೆ ಬಂತು. ಒಂಬತ್ತನೆಯದರ ಹೊತ್ತಿಗೆ ಕೈ ಪಳಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಗೆ ಅತ್ತೆಯ ಫೋನ್ ಬಂತು.

"ಅಟ್ಟದ ಮ್ಯಾಲೆ ಪಂಚೇಲಿ ಕಟ್ಟಿರೋ ಗಂಟೊಂದು ಐತೆ ಕಣೇ. ಪಾತ್ರೆಯೋಳಿಗೆ ಕೊಟ್ಟುಗಿಟ್ಟೀಯ! ನಮ್ಮಣ್ಣ ಕೊಟ್ಟ ಕೊನೇ ಸೀರೆ ಅದು. ನಾನು ಸತ್ತಾಗ ಹೊದಿಸೋಕೆ ಅಂತ ಮಡಗಿವ್ನಿ."

"ಹೂಂ ಅತ್ತೆ" ಅಂದೆ. ಹೆಣ್ಣುಮಕ್ಕಳು ತೀರಿಕೊಂಡರೆ ತವರಿನ ಸೀರೆ ಹೊದಿಸಿಯೇ ಕಳಿಸಬೇಕು. ಅತ್ತೆಯ ತವರು ಹಳೇಬೀಡು. ಅಣ್ಣ ಹೋದ ಮೇಲೆ ಅಲ್ಲಿ ತಮ್ಮವರೆನ್ನಲು ಅವರಿಗೆ ಯಾರೂ ಉಳಿದಿರಲಿಲ್ಲ. ಇನ್ನೊಂದು ಸೀರೆ ಎಲ್ಲಿಂದ ಬರಬೇಕು?

ನಾಮಕರಣದ ದಿನ ಬೇಲೂರು ಬಸ್ಸು ಹತ್ತಿದೆವು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡೋಣ ಅನ್ನಿಸಿತು. "ನಿನ್ನ ಅವಸರಕ್ಕೆ ನಾನೇನು ಮಾಡ್ಲಿ?" ಅಂದ ಯಜಮಾನರು ಕಿಟಕಿಯಿಂದ ಕಡಲೆಕಾಯಿ ಕೊಂಡು ತಿನ್ನತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ನಾದಿನಿಯ ಮನೆಗೆ ಹೋದವಳೇ ಅತ್ತೆಯನ್ನು ಅಡುಗೆಮನೆಗೆ ಕರೆದು ಕೌದಿ ಬಿಡಿಸಿದೆ.

"ಅತ್ತೆ, ನಿಮ್ಮ ತವರಿನ ಸೀರೆ ಇದೇ. ಗೊತ್ತಿಲ್ದೆ ಕತ್ತರಿಸಿಬಿಟ್ಟೆ."

ಅವರು ಗಿಳಿಗಳ ಮೇಲೆ ಒಂದೊಂದಾಗಿ ಕೈಯಾಡಿಸಿದರು. ಕೆಂಪು ಕೊಕ್ಕಿನ ಹತ್ತಿರ ಬೆರಳು ನಿಂತಿತು. "ನಿನ್ ಕೈ ಸೇದೋಗ!" ಅಂದರು. ನಾನು ಅತ್ತೇಬಿಟ್ಟೆ.

ಅತ್ತೆ ಕೌದಿ ಎತ್ತಿಕೊಂಡು ಹೋಗಿ ತೊಟ್ಟಿಲಲ್ಲಿ ಹಾಸಿ, ಮೊಮ್ಮಗಳನ್ನು ಮಲಗಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಳಬ್ಯಾಡ, ಸುಮ್ಕಿರು. ನಮ್ಮಣ್ಣ ಇದ್ದಿದ್ರೆ ಈ ಕೂಸಿಗೇ ಹಾಸು ಅಂತಿದ್ದ. ಆದ್ರೆ ಇನ್ಮ್ಯಾಕೆ ನನ್ನ ತವರಿನ ಸೀರೆ ನೀನೇ ತರಬೇಕು, ಗೊತ್ತಾಯ್ತಾ?"

ಉಸ್ಸಪ್ಪಾ! ಆಗ ಬಿಟ್ಟ ಉಸಿರು ನನಗೆ ಇವತ್ತಿಗೂ ನೆನಪಿದೆ. ಎರಡು ದಿನದಿಂದ ಅನ್ನ ಸೇರದಿದ್ದವಳು ಅವತ್ತು ನಾಲ್ಕು ಹೋಳಿಗೆ ತಿಂದೆ.

ಅತ್ತೆ ಬಾಣಂತನ ಮುಗಿಸಿ ಬರುವಷ್ಟರಲ್ಲಿ ಅರಸೀಕೆರೆ ಪೇಟೆಯೆಲ್ಲ ಸುತ್ತಿ ಅಂಥದ್ದೇ ಹಸಿರು ಸೀರೆ ತಂದಿಟ್ಟಿದ್ದೆ. ಅಂಚು ಸಣ್ಣದಾಯಿತೆಂದು ಗೊಣಗಿದರು. ಬೇವಿನೆಲೆ ಇಟ್ಟು, ಪಂಚೆಯಲ್ಲಿ ಸುತ್ತಿ, ಈ ಸಲ ಗಂಟನ್ನು ತಮ್ಮ ಟ್ರಂಕಿಗೇ ಸೇರಿಸಿದರು.

ಯುಗಾದಿಯ ದಿನ ನೋಡುತ್ತೇನೆ, ಅದನ್ನೇ ಉಟ್ಟು ಬೇವುಬೆಲ್ಲ ಹಂಚುತ್ತಿದ್ದಾರೆ!

"ಇದೇನತ್ತೆ, ಇದನ್ನ ಎತ್ತಿಟ್ಟಿರಬೇಕಲ್ವಾ?"

"ಹರಿದ್ರೆ ಇನ್ನೊಂದು ತತ್ತೀಯ, ಬಿಡು" ಅಂದರು ಅತ್ತೆ, ನನ್ನ ಅಂಗೈಗೆ ಬೇವುಬೆಲ್ಲ ಹಾಕುತ್ತಾ. "ಈಗ ನಂಗೆ ತವರು ಐತಲ್ಲ."